ಲೇಔಟ್ ಪಕ್ಕ ಕೂಲಿಯವರಿಗೆ ಮನೆ ಕಟ್ಟಿದರೆ ನಮಗೇನು ತೊಂದರೆ? (ಕಲಬುರಗಿ)

ಸೇಡಂರೋಡ್_ಸಂಜೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನಮ್ಮದು ಸೇಡಂ ರಸ್ತೆ ಕಡೆಯ ಒಂದು ಲೇಔಟ್. ಹೆಸರು ಬೇಡ. ನೂರಿಪ್ಪತ್ತು ಮನೆ ಇರಬಹುದು. ಡಾಕ್ಟರು, ಲೆಕ್ಚರರು, ಗುತ್ತಿಗೆದಾರರು, ರಿಟೈರ್ ಆದ ಅಧಿಕಾರಿಗಳು. ಹೋದ ವಾರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬರು ಒಂದು ಸುದ್ದಿ ಹಾಕಿದರು. ನಮ್ಮ ಹಿಂದಿನ ಸಿಎ (ನಾಗರಿಕ ಸೌಲಭ್ಯದ) ಸೈಟಿನಲ್ಲಿ ಬಡವರಿಗೆ ಜಿ ಪ್ಲಸ್ ತ್ರೀ, ಅಂದರೆ ನೆಲಮಹಡಿ ಮೇಲೆ ಮೂರು ಮಹಡಿಯ ಮನೆಗಳು ಬರುತ್ತವಂತೆ. ಖರೆಯೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಆದರೂ ಎರಡೇ ದಿನದಲ್ಲಿ ನಾನೂರು ಮೆಸೇಜ್. ಬೆಳಗಿನ ಗುಲಾಬಿ ಹೂವಿನ ಫೋಟೋಗಳೂ ನಿಂತುಹೋದವು ಅಂದರೆ ನೋಡಿ. ಈಗ ವಿರೋಧದ ಮನವಿ ಪತ್ರ ತಯಾರಾಗಿದೆ, ಮನೆಮನೆಗೆ ಸಹಿಗೆ ಬರುತ್ತಿದ್ದಾರೆ.

ಅದೇ ಗ್ರೂಪು, ಅದೇ ದಿನ, ಪತ್ರದ ಮೆಸೇಜಿನ ಕೆಳಗೇ ಇನ್ನೊಂದು ಮೆಸೇಜ್: 'ಕೆಲಸದವಳು ಎರಡು ದಿನದಿಂದ ಬಂದಿಲ್ಲ. ಹತ್ತಿರದಲ್ಲಿ ಯಾರಾದರೂ ಇದ್ದರೆ ತಿಳಿಸಿ.' ಬರೆದವರೂ ಪತ್ರ ಬರೆದವರ ಮನೆಯವರೇ!

ನಮ್ಮ ಮನೆಗೆ ಬರುವ ಅಕ್ಕ ಇರೋದು ಊರಿನ ಆ ಕಡೆ, ರೈಲ್ವೆ ಗೇಟ್ ದಾಟಿ. ಪತ್ರಾಸಿನ (ತಗಡಿನ) ಒಂದು ರೂಮು, ಬಾಡಿಗೆ 3,000. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು, ಎರಡು ಟಂಟಂ (ಶೇರ್ ಆಟೊ) ಬದಲಿಸಿ ಏಳಕ್ಕೆ ನಮ್ಮಲ್ಲಿಗೆ ಬರುತ್ತಾಳೆ. ನಾಲ್ಕು ಮನೆ, ಮನೆಗೆ 2,500. ಬಾಡಿಗೆ, ಟಂಟಂ ಕಳೆದರೆ ಕೈಯಲ್ಲಿ ಉಳಿಯೋದು ನೀವೇ ಲೆಕ್ಕ ಹಾಕಿ.

ನಾನು ಇನ್ನೂ ಸಹಿ ಹಾಕಿಲ್ಲ. ಮನೆಯವರು ಹಾಕಿ ಸುಮ್ನಿರು, ನಾಳೆ ಅವರ ಮುಖ ನೋಡಬೇಕು ಅಂತಾರೆ. ನೀವಾಗಿದ್ದರೆ ಏನು ಮಾಡ್ತಿದ್ದಿರಿ?

ತೊಗರಿ_ಕಣಜ
ಸಹಿ ಹಾಕಬೇಡಿ. ಮುಗೀತು.

ಡೀಸೆಂಟ್_ಮನುಷ್ಯ
ಇಲ್ಲಿ ಎಲ್ಲರೂ ಬಂದು ದೊಡ್ಡ ಮಾತು ಆಡ್ತಾರೆ, ಅದಕ್ಕೆ ನಾನು ನೇರವಾಗಿ ಹೇಳ್ತೀನಿ. ನಾನೂ ಇಂಥದೇ ಒಂದು ಲೇಔಟಿನವನು, ಜೇವರ್ಗಿ ರಸ್ತೆ ಕಡೆ. 30-40 ಅಡಿಯ ಒಂದು ಪ್ಲಾಟು ತಗೊಳ್ಳೋಕೆ ಊರಿನ ಎರಡು ಎಕರೆ ಹೊಲ ಮಾರಿದೆ. ಮನೆಗೆ ಇಪ್ಪತ್ತು ವರ್ಷದ ಸಾಲ. ನಾಳೆ ಪಕ್ಕದಲ್ಲಿ ನಾನೂರು ಮನೆಯ ಬ್ಲಾಕು ಬಂದರೆ ನನ್ನ ಪ್ಲಾಟಿನ ರೇಟು ಏನಾಗಬೇಕು? ಬಡವರ ಮೇಲೆ ನನಗೆ ಸಿಟ್ಟಿಲ್ಲ. ನಾನೇನು ಅಂಬಾನಿ ಅಲ್ಲ. ನನ್ನ ಜೀವಮಾನದ ದುಡಿಮೆ ಆ 1,200 ಚದರಡಿಯಲ್ಲಿದೆ.

ಆಮೇಲೆ ನೀರು. ಈಗಲೇ ಮೂರು ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುತ್ತದೆ. ಬೋರು ಬತ್ತಿದೆ. ಟ್ಯಾಂಕರಿಗೆ ದುಡ್ಡು ಸುರಿಯುತ್ತಿದ್ದೇವೆ. ಅದರಲ್ಲಿ ಇನ್ನೂ ನಾನೂರು ಕುಟುಂಬ?

ಗೌಂಡಿ_ಮಗ
ಡೀಸೆಂಟ್ ಅಣ್ಣಾ, ನಿಮ್ಮ ಮನೆ ಕಟ್ಟುವಾಗ ಸಾಮಾನು ಕಾಯೋಕೆ ವಾಚ್‌ಮನ್ ಇಟ್ಟಿದ್ದಿರಾ?

ಡೀಸೆಂಟ್_ಮನುಷ್ಯ
ಇಟ್ಟಿದ್ದೆ. ಸಿಮೆಂಟು, ಸರಳು ಬಿಟ್ಟು ರಾತ್ರಿ ಮನೆಗೆ ಹೋಗೋಕಾಗುತ್ತಾ?

ಗೌಂಡಿ_ಮಗ
ಅವರು ಎಲ್ಲಿ ಇದ್ದರು?

ಡೀಸೆಂಟ್_ಮನುಷ್ಯ
ಅಲ್ಲೇ. ಮೊದಲು ತಗಡಿನ ಶೆಡ್ಡು, ಸ್ಲ್ಯಾಬ್ ಬಿದ್ದ ಮೇಲೆ ಒಳಗೆ. ಗಂಡ ಹೆಂಡತಿ ಎರಡು ಮಕ್ಕಳು. ಒಳ್ಳೆ ಜನ. ಯಾಕೆ?

ಗೌಂಡಿ_ಮಗ
ಯಾಕೆ ಅಂದರೆ ನಾನು ಹಂಗೆ ಬೆಳೆದವನು.

ನಮ್ಮದು ಚಿತ್ತಾಪುರ ತಾಲೂಕಿನ ತಾಂಡಾ. ಅಪ್ಪ ಗೌಂಡಿ, ಅವ್ವ ಅವನ ಕೈಕೆಳಗೆ ಮಾಲು ಹೊರೋಳು. ಏಳನೇ ಕ್ಲಾಸು ಮುಗಿಯೋದರೊಳಗೆ ನಾನು ಕಲಬುರಗಿಯ ಒಂಬತ್ತು ಮನೆಯಲ್ಲಿ ವಾಸ ಮಾಡಿದ್ದೇನೆ. ಒಂಬತ್ತೂ ದೊಡ್ಡ ಮನೆಗಳು. ಒಂದರಲ್ಲಿ ಮೊದಲನೇ ಮಹಡಿಗೆ ಲಿಫ್ಟು. ಬಾಗಿಲು ಕೂಡಿಸುವ ಹೊತ್ತಿಗೆ ನಾವು ಗಂಟುಮೂಟೆ ಕಟ್ಟಬೇಕು, ಯಾಕಂದರೆ ಗೃಹಪ್ರವೇಶದ ಹಿಂದಿನ ದಿನ ಮನೆ ತೊಳೆಸುತ್ತಾರೆ. ಹೋಳಿಗೆ ಊಟಕ್ಕೆ ಕರೆಯುತ್ತಿದ್ದರು, ಸುಳ್ಳು ಹೇಳಬಾರದು. ಅವ್ವ ಊಟ ಮಾಡಿ ಬಂದು ಹೇಳೋಳು, 'ನಾವು ಒಲೆ ಹೂಡಿದ ಜಾಗದಾಗ ದೇವರ ಜಗಲಿ ಮಾಡ್ಯಾರ.'

ಶಾಲೆಯಲ್ಲಿ ಪ್ರತಿ ವರ್ಷ ವಿಳಾಸ ಬರೆಸುತ್ತಿದ್ದರು. ನಾನು ಮನೆ ಮಾಲೀಕರ ಹೆಸರು ಬರೆದು 'ಇವರ ಹೊಸ ಮನೆ' ಅಂತ ಬರೆಯುತ್ತಿದ್ದೆ. ಒಬ್ಬ ಸರ್ ನಾನು ಆ ಸಾಹುಕಾರನ ಮಗ ಅಂದುಕೊಂಡು ವರ್ಷಪೂರ್ತಿ ಮರ್ಯಾದೆ ಕೊಟ್ಟರು. 😄

ಈಗ ಹೇಳಿ ಅಣ್ಣಾ. ಆ ವಾಚ್‌ಮನ್ ಕುಟುಂಬ ನಿಮ್ಮ ಲೇಔಟಿನಲ್ಲಿ ಒಂದು ವರ್ಷ ಇತ್ತು. ನೀರು ಕುಡಿದರು, ಅಲ್ಲೇ ಮಲಗಿದರು. ಆಗ ನಿಮ್ಮ ಪ್ಲಾಟಿನ ರೇಟು ಬಿತ್ತಾ?

ಬ್ರಹ್ಮಪುರ_ಹುಡುಗಿ
'ಒಲೆ ಹೂಡಿದ ಜಾಗದಾಗ ದೇವರ ಜಗಲಿ'. ಓದಿ ಎರಡು ನಿಮಿಷ ಸುಮ್ನೆ ಕೂತೆ.

ನಿವೃತ್ತ_ಓವರ್‌ಸಿಯರ್
ಮೊದಲು ಒಂದು ತಿದ್ದುಪಡಿ. ಸಂಜೆ ಅವರೇ, ಸಿಎ ಸೈಟಿನಲ್ಲಿ ಯಾರಿಗೂ ಮನೆ ಕಟ್ಟಲು ಬರುವುದಿಲ್ಲ. ಅದು ಶಾಲೆ, ಆಸ್ಪತ್ರೆ, ಸಮುದಾಯ ಭವನ, ಅಂಚೆ ಕಚೇರಿ ಇಂಥದಕ್ಕೆ ಬಿಟ್ಟ ಜಾಗ. ಲೇಔಟ್ ಮಂಜೂರಾಗುವಾಗ ರಸ್ತೆ, ಪಾರ್ಕಿನ ಜೊತೆ ಅದನ್ನೂ ಬಿಡಿಸಿಕೊಳ್ಳುತ್ತಾರೆ. ನಿಮ್ಮ ಹಿಂದೆ ಇರುವುದು ಬೇರೆ ಏನೋ ಇರಬೇಕು. ಸರ್ವೆ ನಂಬರ್ ಹಾಕಿ ಪಹಣಿ ತೆಗೆದು ನೋಡಿ. ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ. ನಾನೂರು ಮೆಸೇಜಿನಲ್ಲಿ ಒಬ್ಬರೂ ಇದನ್ನು ಮಾಡಿಲ್ಲ ಎಂದು ಖಾತ್ರಿಯಾಗಿ ಹೇಳುತ್ತೇನೆ.

ಎರಡನೇದು. ಇಂಥ ಜಗಳ ಬರಬಾರದು ಅಂತಲೇ 2007ರ ರಾಷ್ಟ್ರೀಯ ನಗರ ವಸತಿ ನೀತಿಯಲ್ಲಿ ಒಂದು ಮಾತು ಬರೆದಿದ್ದರು. ಹೊಸ ವಸತಿ ಯೋಜನೆ ಯಾವುದೇ ಬರಲಿ, ಸರ್ಕಾರದ್ದೋ ಖಾಸಗಿಯದ್ದೋ, ಶೇ 10ರಿಂದ 15ರಷ್ಟು ಜಾಗ ಬಡವರಿಗೆ, ಕಡಿಮೆ ಆದಾಯದವರಿಗೆ ಮೀಸಲಿಡಿ ಅಂತ. ಅಂದರೆ ಪ್ರತಿ ಲೇಔಟಿನಲ್ಲೂ ಒಂದು ಮೂಲೆ. ಊರ ಹೊರಗೆ ಬೇರೆ ಕೇರಿ ಅಲ್ಲ. ಆದರೆ ನೀತಿ ಅಂದರೆ ಕಾನೂನಲ್ಲ. ಸಲಹೆ. ಹೊಲವನ್ನು ಎನ್.ಎ. (ಕೃಷಿಯೇತರ) ಮಾಡಿಸಿ ಪ್ಲಾಟು ಮಾರುವ ಮಂದಿ ಸಲಹೆ ಕೇಳುತ್ತಾರಾ?

ನಗರಾಭಿವೃದ್ಧಿ ಪ್ರಾಧಿಕಾರದ ಲೇಔಟುಗಳಲ್ಲಿ 20-30 ಅಡಿ ಅಳತೆಯ ಸೈಟುಗಳನ್ನು ಬಡವರಿಗೆ ಅಂತ ಇಡುವ ಪದ್ಧತಿ ಇತ್ತು, ಇದೆ. ಆದರೆ ಸೈಟು ಸಿಕ್ಕರೆ ಮನೆ ಸಿಕ್ಕಂತಲ್ಲ. ಕಟ್ಟೋಕೆ ದುಡ್ಡು ಇಲ್ಲ, ಬ್ಯಾಂಕು ಸಂಬಳದ ಚೀಟಿ ಕೇಳುತ್ತದೆ. ನಾಲ್ಕು ವರ್ಷ ಖಾಲಿ ಇಟ್ಟು ಮಗಳ ಮದುವೆಗೆ ಮಾರುತ್ತಾರೆ. ತಗೊಳ್ಳೋರು ಪಕ್ಕದ 40-60 ಮನೆಯವರೇ, ಕಾರು ನಿಲ್ಲಿಸೋಕೆ.

ಬೀದರ್_ಬಿದ್ರಿ
ಕೊನೇ ಸಾಲು 💯. ನಮ್ಮ ಬೀದರಿನಲ್ಲೂ ಇದೇ ಕಥೆ. ನಮ್ಮ ಓಣಿಯಲ್ಲಿ ಒಂದು 20-30 ಸೈಟಿನಲ್ಲಿ ಫಾರ್ಚುನರ್ ನಿಂತಿದೆ. ಮೇಲೆ ಪತ್ರಾಸು ಹಾಕಿಸಿದ್ದಾರೆ. ಕಾರಿಗೆ ಮನೆ ಸಿಕ್ಕಿತು.

ಸುರಪುರ_ಎಕ್ಸ್‌ಪ್ರೆಸ್
ಇದರಲ್ಲಿ ಒಂದು ವಿಚಿತ್ರ ಇದೆ. ನಮ್ಮ ಯಾದಗಿರಿ, ಕಲಬುರಗಿ ಕಡೆಯಿಂದ ಎಷ್ಟು ಜನ ಗುಳೆ ಹೋಗ್ತಾರೆ ಬೆಂಗಳೂರಿಗೆ, ಮುಂಬೈಗೆ, ಹೈದರಾಬಾದಿಗೆ. ಅಲ್ಲಿ ಐಟಿ ಪಾರ್ಕಿನ ಹಿಂದೆ ನೀಲಿ ತಾಡಪಾಲಿನ ಶೆಡ್ಡಿನಲ್ಲಿ ಇರೋರು ನಮ್ಮವರೇ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರು ಅಂತ ಹೇಳಿ ಶೆಡ್ಡುಗಳನ್ನು ಕೆಡವಿದರಲ್ಲ, ಅದರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಆಧಾರ್ ಕಾರ್ಡು, ವೋಟರ್ ಕಾರ್ಡು ಹಿಡಿದುಕೊಂಡು ಟೀವಿ ಮುಂದೆ ನಿಂತಿದ್ದರು. ಹೈಕೋರ್ಟ್ ಮಧ್ಯೆ ಬರಬೇಕಾಯಿತು.

ಆಗ ನಾವೆಲ್ಲ ಬೆಂಗಳೂರಿನವರಿಗೆ ಬೈದೆವು. 'ನಮ್ಮ ಮಂದಿ ಕೈಯಲ್ಲಿ ಬಿಲ್ಡಿಂಗ್ ಕಟ್ಟಿಸಿಕೊಂಡು, ಇರೋಕೆ ಜಾಗ ಕೊಡಲ್ಲ' ಅಂತ. ನಾನೂ ಫೇಸ್‌ಬುಕ್‌ನಲ್ಲಿ ಉದ್ದ ಬರೆದಿದ್ದೆ. ಈಗ ಅದೇ ಮಾತು ನಮ್ಮೂರಲ್ಲಿ ನಮ್ಮ ಬಾಯಲ್ಲೇ ಬರ್ತಾ ಇದೆ.

ಡೀಸೆಂಟ್_ಮನುಷ್ಯ
ಎಲ್ಲರೂ ನನ್ನ ಮೇಲೇ ಬಿದ್ದರಲ್ಲ! ಸರಿ. ಗೌಂಡಿ ತಮ್ಮಾ, ನಿನ್ನ ಮಾತು ಮನಸ್ಸಿಗೆ ತಾಗಿತು, ಇಲ್ಲ ಅನ್ನಲ್ಲ. ಆದರೆ ಒಂದು ಕುಟುಂಬ ಬೇರೆ, ನಾನೂರು ಬೇರೆ. ಇನ್ನೊಂದು ಮಾತು. ಇಂಥ ಮನೆ ಸಿಕ್ಕವರು ಎಷ್ಟು ಜನ ಅದರಲ್ಲೇ ಇದ್ದಾರೆ? ಬಾಡಿಗೆಗೆ ಕೊಟ್ಟು ಮತ್ತೆ ಹಳೇ ಗುಡಿಸಲಿಗೆ ಬರ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಹಕ್ಕುಪತ್ರ_2016
ನಾನು ಆ 'ಬಾಡಿಗೆಗೆ ಕೊಟ್ಟು ವಾಪಸ್ ಬಂದವರ' ಪೈಕಿ. ಬೈಯೋದಿದ್ದರೆ ಬೈಯಿರಿ, ಮೊದಲು ಕೇಳಿ.

ನಮಗೆ ಮನೆ ಕೊಟ್ಟರು. ಖುಷಿ ಆಯಿತು, ಸಿಹಿ ಹಂಚಿದೆವು. ಊರಿಂದ ಒಂಬತ್ತು ಕಿಲೋಮೀಟರ್. ನನ್ನ ಗಂಡ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ. ತೊಗರಿ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಕ್ಕೂ ಲಾರಿ ಬರ್ತದೆ. ಬಂದಾಗ ಇರಬೇಕು, ಇಲ್ಲಾಂದ್ರೆ ಆ ಲಾರಿಯ ಕೂಲಿ ಇನ್ನೊಬ್ಬರಿಗೆ. ನಾನು ಒಂದು ಮೆಸ್ಸಿನಲ್ಲಿ ರೊಟ್ಟಿ ಬಡೀತೀನಿ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಬೇಕು. ಆ ಹೊತ್ತಿಗೆ ಅಲ್ಲಿಂದ ಯಾವ ಬಸ್ಸೂ ಇಲ್ಲ. ಮಗಳ ಶಾಲೆ ಬಿಡಿಸಬೇಕಾಯಿತು. ಅಂಗನವಾಡಿ ಇರಲಿಲ್ಲ, ಕಿರಾಣಿ ಅಂಗಡಿ ಇರಲಿಲ್ಲ, ಸಂಜೆ ಆದರೆ ಬೀದಿ ದೀಪ ಇರಲಿಲ್ಲ. ಎಂಟು ತಿಂಗಳು ಇದ್ದೆವು.

ಆಮೇಲೆ ಅದನ್ನು 1,500ಕ್ಕೆ ಬಾಡಿಗೆ ಕೊಟ್ಟು, ಊರೊಳಗೆ 3,500 ಕೊಟ್ಟು ಒಂದು ರೂಮಿನಲ್ಲಿ ಇದ್ದೇವೆ. ಗೋಡೆ ಗಟ್ಟಿ ಇದ್ದರೆ ಮನೆ ಆಗಲ್ಲ ರೀ. ದುಡಿಯೋ ಜಾಗ ಹತ್ತಿರ ಇರಬೇಕು.

(ಮಗಳ ಫೋನಿನಿಂದ ಬರೆಸುತ್ತಿದ್ದೇನೆ. ಹೆಸರೂ ಅವಳೇ ಇಟ್ಟಳು.)

ಬ್ರಹ್ಮಪುರ_ಹುಡುಗಿ
ಅಕ್ಕಾ, ಮಗಳು ಈಗ ಶಾಲೆಗೆ ಹೋಗ್ತಿದ್ದಾಳಾ?

ಹಕ್ಕುಪತ್ರ_2016
ಪಿಯುಸಿ ಸೈನ್ಸ್ ರೀ. ಒಂದು ವರ್ಷ ಹೋಯಿತು ಅಷ್ಟೇ. (ನಾನೇ ಮಗಳು. ಬೋರ್ಡ್ ಪರೀಕ್ಷೆ ಹತ್ತಿರ ಇದೆ, ಅವ್ವಗೆ ಗೊತ್ತಿಲ್ಲ ನಾನು ಇದನ್ನೆಲ್ಲ ಓದ್ತಾ ಕೂತಿದ್ದೀನಿ ಅಂತ.)

ತೊಗರಿ_ಕಣಜ
ಫೋನ್ ಇಟ್ಟು ಓದು ಹೋಗು ತಂಗಿ 😂

ನ್ಯೂಜೆರ್ಸಿ_ನಾಡಿಗ
ಮೂಲ ಕಲಬುರಗಿ, ಈಗ ಅಮೆರಿಕದ ನ್ಯೂಜೆರ್ಸಿ. 'ರೇಟು ಬೀಳುತ್ತೆ' ಅನ್ನೋ ಮಾತು ಕೇಳಿ ನಗು ಬಂತು. ಇಲ್ಲೂ ಅಕ್ಷರ ತಪ್ಪದೆ ಇದೇ ಜಗಳ, ಐವತ್ತು ವರ್ಷದಿಂದ.

ಇಲ್ಲಿ ಮೌಂಟ್ ಲಾರೆಲ್ ಅಂತ ಒಂದು ಊರು. ಮೊದಲು ಹೊಲ, ಆಮೇಲೆ ಉಳ್ಳವರ ಬಡಾವಣೆ ಆಯಿತು. ಪ್ಲಾಟು ಇಷ್ಟು ದೊಡ್ಡದು ಇರಲೇಬೇಕು, ಅಪಾರ್ಟ್‌ಮೆಂಟ್ ಕಟ್ಟಬಾರದು ಅಂತ ಊರಾಡಳಿತದ್ದೇ ನಿಯಮ. ಬಡವರು ಬರಬೇಡಿ ಅಂತ ಎಲ್ಲೂ ಬರೆದಿಲ್ಲ. ಬರೆಯೋದು ಬೇಕೂ ಇರಲಿಲ್ಲ, ನಿಯಮವೇ ಆ ಕೆಲಸ ಮಾಡುತ್ತಿತ್ತು. ತಲೆಮಾರುಗಳಿಂದ ಅಲ್ಲೇ ದುಡಿದ ಕಪ್ಪು ಜನರ ಮಕ್ಕಳಿಗೇ ಮನೆ ಸಿಗದಂತಾಯಿತು. ಎಥೆಲ್ ಲಾರೆನ್ಸ್ ಅನ್ನೋ ಹೆಣ್ಣುಮಗಳು ಮುಂದೆ ನಿಂತರು, ಕೇಸು ಹಾಕಿದರು. 1975ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು: ಬೆಳೆಯುತ್ತಿರುವ ಪ್ರತಿ ಊರೂ ಕಡಿಮೆ ಆದಾಯದವರ ಮನೆಗೆ ತನ್ನ ಪಾಲಿನ ಜಾಗ ಕೊಡಲೇಬೇಕು. ಊರವರು ಕೇಳಲಿಲ್ಲ. 1983ರಲ್ಲಿ ಕೋರ್ಟು ಮತ್ತೆ ಗದರಿಸಿತು. 1985ರಲ್ಲಿ ಕಾನೂನು ಬಂತು. ಮೌಂಟ್ ಲಾರೆಲ್‌ನಲ್ಲಿ ಆ ಮನೆಗಳಿಗೆ ಜನ ಬಂದು ಸೇರಿದ್ದು 2000ದಲ್ಲಿ. ಎಥೆಲ್ ಅವರು 1994ರಲ್ಲೇ ತೀರಿಕೊಂಡಿದ್ದರು. ಕಾಲೊನಿಗೆ ಅವರ ಹೆಸರು ಇಟ್ಟಿದ್ದಾರೆ.

ಆಮೇಲಿನದು ಮುಖ್ಯ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡಗ್ಲಸ್ ಮ್ಯಾಸಿ ಅನ್ನೋ ಸಮಾಜಶಾಸ್ತ್ರಜ್ಞರ ತಂಡ ವರ್ಷಗಟ್ಟಲೆ ಲೆಕ್ಕ ತೆಗೆಯಿತು. ಅಕ್ಕಪಕ್ಕದ ಮನೆಗಳ ರೇಟು, ಕಳ್ಳತನ, ತೆರಿಗೆ, ಎಲ್ಲ. ಅದೇ ಥರದ ಬೇರೆ ಊರುಗಳ ಜೊತೆ ಹೋಲಿಸಿದರು. ಈ ಮನೆಗಳಿಂದ ರೇಟೂ ಬೀಳಲಿಲ್ಲ, ಕಳ್ಳತನವೂ ಹೆಚ್ಚಲಿಲ್ಲ. ಅಕ್ಕಪಕ್ಕದ ಎಷ್ಟೋ ಜನರಿಗೆ ಅಲ್ಲಿ ಅಂಥದೊಂದು ಕಾಲೊನಿ ಇದೆ ಅಂತಲೇ ಗೊತ್ತಿರಲಿಲ್ಲವಂತೆ.

ಡೀಸೆಂಟ್_ಮನುಷ್ಯ
ಅಮೆರಿಕದ ಮಾತು ಬಿಡ್ರಿ. ಅಲ್ಲಿ ಕಟ್ಟಿದ ಮೇಲೆ ನೋಡಿಕೊಳ್ಳೋರು ಇರ್ತಾರೆ. ಇಲ್ಲಿ ಎರಡೇ ವರ್ಷಕ್ಕೆ ಪೈಪು ಸೋರುತ್ತೆ, ಕಸ ತುಂಬುತ್ತೆ, ಯಾರೂ ತಿರುಗಿ ನೋಡಲ್ಲ.

ನ್ಯೂಜೆರ್ಸಿ_ನಾಡಿಗ
ಈ ಮಾತು ಒಪ್ಪುತ್ತೇನೆ. ಅದು 140 ಮನೆಯ ಚಿಕ್ಕ ಕಾಲೊನಿ. ಬಾಡಿಗೆಗೆ ಕೊಡುವುದು, ನಿರ್ವಹಣೆ ಮಾಡುವುದು ಒಂದು ಲಾಭರಹಿತ ಸಂಸ್ಥೆ. ಸಾವಿರಾರು ಮನೆ ಒಂದೇ ಕಡೆ ಗುಡ್ಡೆ ಹಾಕಿ ಕೈತೊಳೆದುಕೊಂಡಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ. ಅಂದರೆ ನಿಮ್ಮ ಸಿಟ್ಟು ಇರಬೇಕಾದ್ದು ನಿರ್ವಹಣೆ ಮಾಡದವರ ಮೇಲೆ ಅಲ್ವಾ ಸರ? ಇರೋಕೆ ಬರೋರ ಮೇಲೆ ಯಾಕೆ?

ನೈಟ್_ಡ್ಯೂಟಿ
ನಾನು ಸ್ಟಾಫ್ ನರ್ಸ್. ಸಂಬಳ 17,000. 'ಕೂಲಿ' ಅಂದರೆ ಎಲ್ಲರಿಗೂ ಕಸಬರಿಗೆ ಹಿಡಿದವರೇ ಕಣ್ಣಿಗೆ ಬರ್ತಾರೆ. ನಮ್ಮಂಥವರೂ ಇದ್ದೇವೆ. ಆಸ್ಪತ್ರೆಯ ಹತ್ತಿರದ ಲೇಔಟಿನಲ್ಲಿ ರೂಮು ಹುಡುಕಿದೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ದೂರ ಹೋಗೋಕೆ ಹೆದರಿಕೆ. 'ಟು ಲೆಟ್' ಬೋರ್ಡು ಹದಿನಾಲ್ಕು ಕಡೆ ಇತ್ತು. ಮೊದಲ ಪ್ರಶ್ನೆ 'ಯಾವ ಮಂದಿ?' ಹೆಸರು ಹೇಳಿದ ಕೂಡಲೇ 'ಈಗಷ್ಟೇ ಒಬ್ಬರಿಗೆ ಮಾತು ಕೊಟ್ಟೆವಮ್ಮ'. ಮರುದಿನವೂ ಬೋರ್ಡು ಅಲ್ಲೇ. ಒಬ್ಬ ಅಜ್ಜಿ ಮಾತ್ರ ಚಹಾ ಕೊಟ್ಟು, 'ನನಗೇನೂ ಇಲ್ಲವ್ವ, ಮಗ ಬೇಡ ಅಂತಾನ' ಅಂದರು.

ಬಂದೇ ನವಾಜ್ ದರ್ಗಾದ ಉರುಸಿಗೂ ಶರಣಬಸವೇಶ್ವರ ಅಪ್ಪನ ಜಾತ್ರೆಗೂ ಊರೆಲ್ಲ ಒಂದಾಗಿ ಹೋಗುತ್ತದೆ. ಬಾಡಿಗೆ ಮನೆಗೆ ಬಂದಾಗ ಮಾತ್ರ ಬೇರೆ ಬೇರೆ. ಸರ್ಕಾರ ಎಷ್ಟು ಬ್ಲಾಕು ಕಟ್ಟಿದರೂ ಈ ಬೋರ್ಡಿನ ವಿಷಯ ಯಾರು ಸರಿ ಮಾಡ್ತಾರೆ?

ಪರಸಿ_ಕಲ್ಲು
ಇದು ನಿಜ. ನಾನು ಮಾಲೀಕನೇ. ನಮ್ಮಪ್ಪ ಹೀಗೇ ಮಾಡುತ್ತಿದ್ದರು. ನಾನೂ ಒಂದೆರಡು ಸಲ ಮಾಡಿದ್ದೇನೆ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

ಶಹಾಬಾದ್_ಸೈರನ್
ಹಳೇ ಕಾಲದ ಒಂದು ಮಾತು. ನಾನು ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿದವನು. ಶಹಾಬಾದ್, ವಾಡಿಯಲ್ಲಿ ಕಾರ್ಖಾನೆ ಜೊತೆಗೇ ಕಾಲೊನಿ ಇರ್ತಿತ್ತು. ಸಾಹೇಬರ ಬಂಗಲೆ, ಗುಮಾಸ್ತರ ಮನೆ, ಕಾರ್ಮಿಕರ ಸಾಲು ಮನೆ. ಸಣ್ಣ ದೊಡ್ಡ ಭೇದ ಇತ್ತು, ಸುಳ್ಳು ಹೇಳಲ್ಲ. ಆದರೆ ದುಡಿಯೋರು ಎಲ್ಲಿ ಮಲಗಬೇಕು ಅನ್ನೋದು ಕೂಲಿ ಕೊಡೋರ ಲೆಕ್ಕದಲ್ಲಿ ಇತ್ತು. ಸೈರನ್ ಆದ ಹತ್ತು ನಿಮಿಷಕ್ಕೆ ಅಪ್ಪ ಮನೆಯಲ್ಲಿ. ಈಗ ಎಲ್ಲ ಗುತ್ತಿಗೆ. ಮನುಷ್ಯ ಗೇಟಿನ ಹೊರಗೆ ಹೋದ ಮೇಲೆ ಯಾರ ಜವಾಬ್ದಾರಿಯೂ ಅಲ್ಲ. ನಿಮ್ಮ ಲೇಔಟು ಅಂದರೂ ಒಂದು ಕಾರ್ಖಾನೆ ಇದ್ದಂಗೇ ಅಲ್ಲೇನ್ರಿ? ನೂರು ಮನೆಗೆ ನೂರು ಕೆಲಸದವರು, ಡ್ರೈವರು, ಮಾಲಿ.

ತೊಗರಿ_ಕಣಜ
ಕಾಕಾ, ಶಹಾಬಾದಿನಲ್ಲಿ ಸ್ಟೇಷನ್ ಎದುರು ಮಿರ್ಚಿ ಭಜಿ ಇನ್ನೂ ಸಿಗ್ತದಾ?

ಶಹಾಬಾದ್_ಸೈರನ್
ಸಿಗ್ತದ. ಮೊದಲಿನ ಖಾರ ಇಲ್ಲ.

ಸೇಡಂರೋಡ್_ಸಂಜೆ
ಓವರ್‌ಸಿಯರ್ ಸರ್, ನೀವು ಹೇಳಿದ್ದು ಖರೆ. ಪಹಣಿ ತೆಗೆದೆ. ಅದು ಸಿಎ ಸೈಟ್ ಅಲ್ಲವೇ ಅಲ್ಲ, ಸರ್ಕಾರಿ ಗಾಯರಾಣ (ಗೋಮಾಳ). ನಮ್ಮ ಲೇಔಟಿಗೂ ಅದಕ್ಕೂ ಸಂಬಂಧ ಇಲ್ಲ. ಇದನ್ನು ಗ್ರೂಪಿನಲ್ಲಿ ಹಾಕಿದೆ. 'ನಮ್ಮ ಸಿಎ ಸೈಟ್ ಉಳಿಸಿ' ಅಂತ ಪತ್ರದ ಮೊದಲ ಸಾಲೇ ಇತ್ತು, ಈಗ ಅದನ್ನು ಅಳಿಸಿ 'ಪರಿಸರ ಉಳಿಸಿ' ಅಂತ ಮಾಡಿದ್ದಾರೆ. ಆ ಪರಿಸರದಲ್ಲಿ ಜಾಲಿ ಮುಳ್ಳು ಬಿಟ್ಟರೆ ನಮ್ಮ ಲೇಔಟಿನವರೇ ಸುರಿದ ಕಟ್ಟಡದ ಕಸ ಇದೆ.

ಗೌಂಡಿ_ಮಗ
🤣🤣 ಜಾಲಿ ಉಳಿಸಿ ಆಂದೋಲನ

ನಿವೃತ್ತ_ಓವರ್‌ಸಿಯರ್
ನೀರಿನ ಮಾತಿಗೆ ಬರುತ್ತೇನೆ. ಅದು ನಿಜವಾದ ಸಮಸ್ಯೆ, ಅಲ್ಲಗಳೆಯುವುದಿಲ್ಲ. ಊರಿಗೆ ನೀರು ಬರುವುದು ಬೆಣ್ಣೆತೊರೆಯಿಂದ, ಭೀಮಾ ನದಿಯ ಸರಡಗಿಯಿಂದ. ಬೇಸಿಗೆಯಲ್ಲಿ ಭೀಮೆ ಒಣಗಿದರೆ ಎಲ್ಲರಿಗೂ ಕಷ್ಟ. ಆದರೆ ನಾನೂರು ಕುಟುಂಬ ಈಗಲೂ ಇದೇ ಊರಲ್ಲಿವೆ, ಇದೇ ನೀರು ಕುಡಿಯುತ್ತಿವೆ. ಜಾಗ ಬದಲಾದರೆ ಬಾಯಾರಿಕೆ ಹೆಚ್ಚಾಗುತ್ತದೆಯೇ? ಕಾರು ತೊಳೆಯುವವರು, ಲಾನ್ ಬೆಳೆಸುವವರು ಯಾರು ಅಂತ ನಾನು ಹೇಳಬೇಕಾಗಿಲ್ಲ.

ಇನ್ನು ದುಡ್ಡಿನ ಲೆಕ್ಕ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಇಂಥ ಬ್ಲಾಕಿನ ಒಂದು ಮನೆಗೆ ಕೇಂದ್ರದಿಂದ ಒಂದೂವರೆ ಲಕ್ಷ. 2024ರಲ್ಲಿ ಬಂದ ಎರಡನೇ ಸುತ್ತಿನಲ್ಲಿ ಎರಡೂವರೆ ಲಕ್ಷದವರೆಗೆ, ರಾಜ್ಯದ ಪಾಲೂ ಸೇರಿ. ವರ್ಷಕ್ಕೆ 3 ಲಕ್ಷದೊಳಗಿನ ಆದಾಯದವರಿಗೆ ಸುಮಾರು 30 ಚದರ ಮೀಟರ್ ಒಳಜಾಗ. ಅಂದರೆ 320 ಚದರಡಿ ಚಿಲ್ಲರೆ. ನಿಮ್ಮಲ್ಲಿ ಕೆಲವರ ಕಾರ್ ಪಾರ್ಕಿಂಗೇ ಅಷ್ಟಿದೆ. ಕಟ್ಟುವ ಖರ್ಚು ಇದಕ್ಕಿಂತ ಎಷ್ಟೋ ಜಾಸ್ತಿ. ಉಳಿದದ್ದು ಫಲಾನುಭವಿಯ ವಂತಿಗೆ, ಬ್ಯಾಂಕ್ ಸಾಲ. ದಿನಗೂಲಿಯವರಿಗೆ ಬ್ಯಾಂಕ್ ಸಾಲ ಸಿಗಲ್ಲ. ಅಲ್ಲಿಗೆ ಪಿಲ್ಲರ್ ನಿಂತು ನಾಲ್ಕು ಮಳೆಗಾಲ ನೋಡುತ್ತದೆ. ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಪಿಲ್ಲರ್ ಸಾಕಷ್ಟು ನೋಡಿದ್ದೇನೆ.

ಸುರಪುರ_ಎಕ್ಸ್‌ಪ್ರೆಸ್
ಅದಕ್ಕೇ ನಾನು ಹೇಳೋದು, ಎಲ್ಲರಿಗೂ ಸ್ವಂತ ಮನೆ ಅನ್ನೋ ಹಟ ಬಿಡಬೇಕು. ಬಾಡಿಗೆಗೆ ಕೊಡಿ. ಕೊರೊನಾದಲ್ಲಿ ಜನ ನಡೆದು ಊರಿಗೆ ಬಂದ ಮೇಲೆ 2020ರಲ್ಲಿ ಕೇಂದ್ರದವರು ಕಡಿಮೆ ಬಾಡಿಗೆಯ ವಸತಿ ಸಂಕೀರ್ಣದ ಯೋಜನೆ ತಂದರಲ್ಲ. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ರಿಪೇರಿ ಮಾಡಿ ವಲಸೆ ಕಾರ್ಮಿಕರಿಗೆ ಬಾಡಿಗೆಗೆ ಕೊಡೋದು. ಯೋಚನೆ ಚೆನ್ನಾಗಿತ್ತು. ನಮ್ಮ ಕಡೆ ಕೂಲಿಗೆ ಬಂದವರು ಹೇಗೂ ಮಳೆಗಾಲಕ್ಕೆ ಬಿತ್ತೋಕೆ ಊರಿಗೆ ಹೋಗ್ತಾರೆ. ಅವರಿಗೆ ಹಕ್ಕುಪತ್ರಕ್ಕಿಂತ ಆರು ತಿಂಗಳು ನೆಮ್ಮದಿಯಾಗಿ ಇರೋಕೆ ಒಂದು ರೂಮು ಮುಖ್ಯ.

ಗೌಂಡಿ_ಮಗ
ಇದಕ್ಕೆ ನನ್ನ ಒಪ್ಪಿಗೆ ಇಲ್ಲ ಅಣ್ಣಾ. 'ಅವರಿಗೆ ಹಕ್ಕುಪತ್ರ ಬೇಡ' ಅನ್ನೋದು ಹಕ್ಕುಪತ್ರ ಇರೋರ ಮಾತು. 2023ರ ಜನವರಿಯಲ್ಲಿ ಮಳಖೇಡದಲ್ಲಿ ತಾಂಡಾದವರಿಗೆ ಹಕ್ಕುಪತ್ರ ಕೊಟ್ಟರಲ್ಲ, 50,000ಕ್ಕೂ ಹೆಚ್ಚು ಮನೆಗಳಿಗೆ. ಪ್ರಧಾನಿ ಬಂದಿದ್ದರು. ಯಾವ ಪಕ್ಷ ಅನ್ನೋದು ಬಿಡಿ. ನಮ್ಮ ಅಜ್ಜಿ ಆ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೇವಾಲಾಲರ ಫೋಟೋ ಹಿಂದೆ ಇಟ್ಟಿದ್ದಾಳೆ. ಅಕ್ಷರ ಓದೋಕೆ ಬರಲ್ಲ. ದಿನಾ ಒಂದು ಸಲ ತೆಗೆದು ನೋಡ್ತಾಳೆ. ಬಾಡಿಗೆ ಚೀಟಿಯನ್ನು ಯಾರೂ ದೇವರ ಹಿಂದೆ ಇಡಲ್ಲ.

ಸುರಪುರ_ಎಕ್ಸ್‌ಪ್ರೆಸ್
ಸರಿ ತಮ್ಮಾ. ಊರಲ್ಲಿ ಹಕ್ಕುಪತ್ರ, ಪಟ್ಟಣದಲ್ಲಿ ಬಾಡಿಗೆ ರೂಮು. ಎರಡೂ ಬೇಕು ಅನ್ನೋಣ. ಈಗ ಒಪ್ತೀಯಾ?

ಗೌಂಡಿ_ಮಗ
ಅರ್ಧ ಒಪ್ತೀನಿ.

ಜಗತ್_ಸರ್ಕಲ್
ಇಷ್ಟೆಲ್ಲ ಯಾಕೆ? ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಇದೆಯಲ್ಲ. ಊರ ಹೊರಗೆ ಮನೆ ಕೊಟ್ಟು ಬಸ್ಸಿನಲ್ಲಿ ಬರಲಿ. ಎಲ್ಲರಿಗೂ ಸುಖ.

ಬ್ರಹ್ಮಪುರ_ಹುಡುಗಿ
ಶಕ್ತಿ ಯೋಜನೆ ಬಂದಿದ್ದು 2023ರ ಜೂನ್ 11. ಟಿಕೆಟ್ ಫ್ರೀ ಆಯಿತು, ಒಳ್ಳೆಯದೇ ಆಯಿತು. ನಮ್ಮ ಅತ್ತಿಗೆಗೆ ತಿಂಗಳಿಗೆ ಎಂಟುನೂರು ಉಳಿತಾಯ. ಆದರೆ ಬೆಳಿಗ್ಗೆ ಐದೂವರೆಗೆ ಬಸ್ಸು ಇದ್ದರೆ ತಾನೇ ಫ್ರೀ? ಮೇಲೆ ರೊಟ್ಟಿ ಅಕ್ಕ ಬರೆದದ್ದು ಓದಿ. ಅವರ ಗಂಡನಿಗೆ ಫ್ರೀಯೂ ಇಲ್ಲ.

ಪರಸಿ_ಕಲ್ಲು
ಪತ್ರಾಸಿನ ರೂಮಿನ ಮಾತು ಯಾರೂ ಎತ್ತಲಿಲ್ಲ. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 43, 44. ತಗಡಿನ ಕೆಳಗೆ ಮಧ್ಯಾಹ್ನ ಮಲಗಿ ನೋಡಿ ಒಮ್ಮೆ. ನಮ್ಮ ಹಳೇ ಮನೆಗಳಲ್ಲಿ ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಕೆಳಗೆ ಪರಸಿ ಕಲ್ಲು. ಬಡವರ ಮನೆಯೂ ತಂಪಿರುತ್ತಿತ್ತು. ಈಗಿನ ಬ್ಲಾಕಿನವರು ಬೆಂಗಳೂರಿನ ನಕ್ಷೆ ತಂದು ಇಲ್ಲಿ ಕಟ್ಟುತ್ತಾರೆ. ಮೂರನೇ ಮಹಡಿಯ ಸ್ಲ್ಯಾಬು ರಾತ್ರಿ ಹನ್ನೆರಡಕ್ಕೂ ಹಂಚಿನ ಹಾಗೆ ಸುಡುತ್ತದೆ. ಪಕ್ಕದಲ್ಲೇ ಶಹಾಬಾದ್ ಕಲ್ಲು ಇದೆ, ನೆಲಕ್ಕೆ ಟೈಲ್ಸೇ ಬೇಕು ಇವರಿಗೆ.

ನೈಟ್_ಡ್ಯೂಟಿ
ಹೌದು. ಬೇಸಿಗೆಯಲ್ಲಿ ವಾರ್ಡಿಗೆ ಬರುವ ಪುಟ್ಟ ಮಕ್ಕಳನ್ನು ನೋಡಿದರೆ ಗೊತ್ತಾಗುತ್ತದೆ ಯಾರ ಮನೆ ಯಾವ ಮಾಡಿನದು ಅಂತ.

ಡೀಸೆಂಟ್_ಮನುಷ್ಯ
ಒಂದು ಪ್ರಾಮಾಣಿಕ ಪ್ರಶ್ನೆ. ನಾನೂರರ ಬ್ಲಾಕಿಗೆ ನನ್ನ ವಿರೋಧ ಇನ್ನೂ ಇದೆ. ಪ್ರತಿ ಲೇಔಟಿಗೂ ಹದಿನೈದು ಇಪ್ಪತ್ತು ಮನೆ ಅಂತ ಹಂಚಿದ್ದರೆ, ಓವರ್‌ಸಿಯರ್ ಸರ್ ಹೇಳಿದ ಹಾಗೆ, ನಾನು ಬಾಯಿ ಬಿಡುತ್ತಿರಲಿಲ್ಲ. ಆದರೆ ಈಗ ಇರೋ ಲೇಔಟಿನಲ್ಲಿ ಏನು ಮಾಡೋಕಾಗುತ್ತೆ? ಕೆಡವೋಕಾಗಲ್ಲ.

ನಿವೃತ್ತ_ಓವರ್‌ಸಿಯರ್
ಈ ಪ್ರಶ್ನೆಗೆ ನನ್ನ ಹತ್ತಿರ ಅಂಥ ಒಳ್ಳೆ ಉತ್ತರ ಇಲ್ಲ. ಮೊದಲಿಗೆ ಕೂಲಿ ಸರಿಯಾಗಿ ಕೊಡಿ. ಮನೆಗೆಲಸವನ್ನು ಕರ್ನಾಟಕ 2004ರಲ್ಲೇ ಕನಿಷ್ಠ ಕೂಲಿ ಪಟ್ಟಿಗೆ ಸೇರಿಸಿದೆ. ಗೊತ್ತಿತ್ತಾ? ಮನೆ ಕಟ್ಟುವವರು ಕಾರ್ಮಿಕ ಕಲ್ಯಾಣದ ಶೇ 1 ಸೆಸ್ ಕಟ್ಟಿ. 2025ರವರೆಗೂ ಸ್ವಂತ ಮನೆಯಾದರೂ ಖರ್ಚು 10 ಲಕ್ಷ ದಾಟಿದರೆ ಕಟ್ಟಬೇಕಿತ್ತು, ಈಗ ಆ ಮಿತಿ 50 ಲಕ್ಷ. ನಿಮ್ಮ ಲೇಔಟಿನಲ್ಲಿ 10 ಲಕ್ಷದೊಳಗೆ ಕಟ್ಟಿದ ಮನೆ ಒಂದಿದ್ದರೆ ತೋರಿಸಿ!

ಸೇಡಂರೋಡ್_ಸಂಜೆ
ಅಪ್‌ಡೇಟ್. ಭಾನುವಾರ ಮೀಟಿಂಗ್ ಆಯಿತು. ನಾನು ಸಹಿ ಹಾಕಲಿಲ್ಲ. ನನ್ನ ಜೊತೆ ಇನ್ನೂ ಏಳು ಮನೆಯವರು ಹಾಕಲಿಲ್ಲ. ಅದರಲ್ಲಿ ಇಬ್ಬರು ಊರಲ್ಲಿ ಇರಲಿಲ್ಲ ಅಂತ ಹಾಕಿಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ. 😅 ಪತ್ರ ಹೋಗಿದೆ. ಮನೆ ಬರುತ್ತದೆಂಬ ಸುದ್ದಿ ಖರೆಯೋ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಮ್ಮ ಅಕ್ಕನಿಗೆ ಇದೆಲ್ಲ ಹೇಳಿದೆ. ಅವಳು ಪಾತ್ರೆ ತಿಕ್ಕುತ್ತಾ ಕೇಳಿದಳು, 'ನಿಮ್ಮ ಮ್ಯಾಲಿನ ರೂಮು ಏನ್ ಮಾಡ್ತೀರಿ ಅಕ್ಕಾರ?' ಟೆರೇಸಿನ ಮೇಲೆ ಬಾತ್‌ರೂಮ್ ಇರುವ ಒಂದು ರೂಮು ಇದೆ. ಹೊರಗಿಂದ ಮೆಟ್ಟಿಲು. ಒಳಗೆ ಗಣಪತಿ ಡೆಕೋರೇಷನ್ನು, ಹಳೇ ಕೂಲರು, ಮಗನ ಸೈಕಲ್ಲು. ಎಂಟು ವರ್ಷದಿಂದ. ನನಗೆ ಮಾತೇ ಬರಲಿಲ್ಲ. ನಾಲ್ಕು ದಿನದಿಂದ ನಾನು ಇಲ್ಲಿ ಊರಿನ ಉಳಿದವರ ಬಗ್ಗೆ ದೂರು ಬರೀತಾ ಕೂತಿದ್ದೆ.

ಮನೆಯವರ ಜೊತೆ ಮಾತಾಯಿತು. ಒಪ್ಪಿದ್ದಾರೆ, ಪೂರ್ತಿ ಮನಸ್ಸಿಲ್ಲ. 'ನಮ್ಮ ಮನೆ ಕೆಲಸಕ್ಕೆ ಬದಲಾಗಿ ಬಾಡಿಗೆ ಬೇಡ' ಅನ್ನೋಣ ಅಂತಾರೆ. ಸರಿನಾ?

ಹಕ್ಕುಪತ್ರ_2016
ಬೇಡ ರೀ ಅಕ್ಕಾ. ಬಾಡಿಗೆ ತಗೊಳ್ಳಿರಿ, ಕೂಲಿ ಬೇರೆ ಕೊಡ್ರಿ. ಫ್ರೀ ಅಂದರೆ ರಾತ್ರಿ ಹತ್ತಕ್ಕೂ 'ಸ್ವಲ್ಪ ಕೆಳಗೆ ಬಾ' ಅಂತೀರಿ. ಅವಳಿಗೆ ಇಲ್ಲ ಅನ್ನೋಕಾಗಲ್ಲ. (ಇದು ಅವ್ವ ಹೇಳಿದ್ದು. ನಾನು ಓದ್ತಾ ಇದ್ದೀನಿ, ಬೈಬೇಡಿ.)

ಗೌಂಡಿ_ಮಗ
ಕರೆಕ್ಟ್. 2,000 ತಗೊಳ್ಳಿ, ಚೀಟಿ ಬರೆದುಕೊಡಿ.

ನಿವೃತ್ತ_ಓವರ್‌ಸಿಯರ್
ಮೀಟರ್ ಬೇರೆ ಹಾಕಿಸಿ. ಒಂದೇ ಮೀಟರ್ ಇದ್ದರೆ ಎರಡೂ ಮನೆಯದ್ದು ಸೇರಿ 200 ಯುನಿಟ್ ದಾಟುತ್ತದೆ, ಗೃಹಜ್ಯೋತಿ ಇಬ್ಬರಿಗೂ ಸಿಗಲ್ಲ. ಬಾಡಿಗೆಯವರಿಗೂ ಆ ಯೋಜನೆ ಇದೆ, ಚೀಟಿ ಇದ್ದರೆ ಅರ್ಜಿ ಹಾಕಬಹುದು.

ಡೀಸೆಂಟ್_ಮನುಷ್ಯ
ಟೆರೇಸ್ ರೂಮು ಅಂದರೆ ಮೇಲೆ ಬರೀ ಸ್ಲ್ಯಾಬು. ಬೇಸಿಗೆಗೆ ಮೊದಲು ಸುಣ್ಣ ಬಳಿಸಿ ಮೇಡಂ, ಎರಡು ಕೋಟು. ಆ ಹಳೇ ಕೂಲರು ಕೆಲಸ ಮಾಡುತ್ತಾ? ಹುಲ್ಲು ಬದಲಿಸೋನ ನಂಬರ್ ನನ್ನ ಹತ್ತಿರ ಇದೆ, ಇನ್‌ಬಾಕ್ಸಿಗೆ ಕಳಿಸ್ತೀನಿ.

ಸೇಡಂರೋಡ್_ಸಂಜೆ
ಮೋಟರ್ ಸುಟ್ಟಿದೆ ಅನಿಸುತ್ತೆ. ಕಳಿಸಿ ಸರ್.